ಮುಪ್ಪಿನ ದೃಷ್ಟಿನಾಶ ಮತ್ತು ರೋಗನಿರೋಧಕ ಚಿಕಿತ್ಸೆಗಳು

ಐವತ್ತು ದಾಟಿದವರ ಕಣ್ಣಿನ ತೊಂದರೆಗಳಲ್ಲಿ ಎಲ್ಲರಿಗೂ ಪರಿಚಿತವಾದುದು ಪೊರೆ. ಮಸುಕಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಇರಿಸಿದರೆ ದೃಷ್ಟಿ ಮರಳುತ್ತದೆ. ಅಷ್ಟು ಪರಿಚಿತವಲ್ಲದ, ಆದರೆ ಹೆಚ್ಚು ಗಂಭೀರವಾದ ಇನ್ನೊಂದು ರೋಗವಿದೆ. ಕಣ್ಣಿನ ಹಿಂಗೋಡೆಯಲ್ಲಿ, ಅಕ್ಷಿಪಟಲದ ನಟ್ಟನಡುವೆ ಇರುವ ಪೀತಬಿಂದುವು ವಯಸ್ಸಿನೊಂದಿಗೆ ಕ್ಷೀಣಿಸುವುದೇ ಈ ರೋಗ. ಕಣ್ಣಿನ ವೈದ್ಯರು ಇದನ್ನು ಎಎಮ್‌ಡಿ ಎಂಬ ಮೂರಕ್ಷರದಿಂದ ಕರೆಯುತ್ತಾರೆ. ಕನ್ನಡದಲ್ಲಿ ವಯೋಸಂಬಂಧಿ ಪೀತಬಿಂದು ಕ್ಷಯ ಎನ್ನಬಹುದು. ಇದರಲ್ಲಿ ಕಣ್ಣು ಪೂರ್ತಿ ಕತ್ತಲಾಗುವುದಿಲ್ಲ. ನೋಟದ ಅಂಚು ಉಳಿದು ನಡುಭಾಗ ಅಳಿಯುತ್ತದೆ. ರೋಗಿಯು ಯಾರ ಆಸರೆಯೂ ಇಲ್ಲದೆ ಮನೆಯೊಳಗೆ ಓಡಾಡಬಲ್ಲನು. ಆದರೆ ಎದುರು ನಿಂತವರ ಮುಖ ಗುರುತಿಸಲಾರನು, ಪತ್ರಿಕೆ ಓದಲಾರನು, ಬಸ್ಸಿನ ಫಲಕ ಕಾಣಲಾರನು. 2014ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ 2020ರ ವೇಳೆಗೆ ಜಗತ್ತಿನಲ್ಲಿ ಸುಮಾರು 19.6 ಕೋಟಿ ಜನರಿಗೆ ಈ ರೋಗ ಒಂದಲ್ಲ ಒಂದು ಹಂತದಲ್ಲಿ ಇರಬೇಕಿತ್ತು. 2040ಕ್ಕೆ ಆ ಸಂಖ್ಯೆ 28.8 ಕೋಟಿಗೆ ಏರಲಿದೆ.

ಎರಡು ದಶಕಗಳ ಹಿಂದಿನವರೆಗೂ ಈ ರೋಗಕ್ಕೆ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. ಇಂದು ಇರುವ ಮುಖ್ಯ ಔಷಧಗಳು ಎರಡು ದಾರಿಯಿಂದ ರೋಗನಿರೋಧಕ ವ್ಯವಸ್ಥೆಗೆ ಋಣಿಯಾಗಿವೆ. ಕೆಲವು ಔಷಧಗಳು ಆ ವ್ಯವಸ್ಥೆಯ ಆಯುಧವಾದ ಪ್ರತಿಕಾಯವನ್ನೇ ಬಳಸಿಕೊಳ್ಳುತ್ತವೆ. ಇನ್ನು ಕೆಲವು, ಕಣ್ಣಿನೊಳಗೆ ಮಿತಿಮೀರಿದ ಅದೇ ವ್ಯವಸ್ಥೆಗೆ ಕಡಿವಾಣ ಹಾಕುತ್ತವೆ.

ಪೀತಬಿಂದುವಿನ ರಚನೆ

ಪೀತಬಿಂದುವಿನ ಅಡ್ಡಳತೆ ಸುಮಾರು ಐದೂವರೆ ಮಿಲಿಮೀಟರ್. ಅದರ ನಡುವಿನ ಸಣ್ಣ ಕುಳಿಯಲ್ಲಿ ಬಣ್ಣ ಮತ್ತು ಸೂಕ್ಷ್ಮ ವಿವರಗಳನ್ನು ಗ್ರಹಿಸುವ ಶಂಕುಕೋಶಗಳು ಒತ್ತೊತ್ತಾಗಿ ನಿಂತಿವೆ. ಅತಿ ದಟ್ಟವಾದ ಜಾಗದಲ್ಲಿ ಒಂದು ಚದರ ಮಿಲಿಮೀಟರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೋಶಗಳು ಸಿಗುತ್ತವೆ. ಓದುವಾಗ, ಸೂಜಿಗೆ ದಾರ ಪೋಣಿಸುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಕೆಲಸ ಮಾಡುವುದು ಈ ಚಿಕ್ಕ ಪ್ರದೇಶವೇ.

ಬೆಳಕನ್ನು ಗ್ರಹಿಸುವ ಕೋಶಗಳ ಹಿಂದೆ ಒಂದೇ ಸಾಲಿನ ಕೋಶಗಳಿಂದಾದ ವರ್ಣಕ ಪದರವಿದೆ. ಗ್ರಾಹಕ ಕೋಶಗಳಿಗೆ ಪೋಷಣೆ ಒದಗಿಸುವುದು, ಅವು ದಿನವೂ ಕಳಚಿಕೊಳ್ಳುವ ಸವೆದ ತುದಿಗಳನ್ನು ನುಂಗಿ ಜೀರ್ಣಿಸುವುದು ಈ ಪದರದ ಹೊಣೆ. ಗ್ರಾಹಕ ಕೋಶದ ಹೊರತುದಿಯ ಸುಮಾರು ಹತ್ತನೇ ಒಂದು ಭಾಗ ಪ್ರತಿದಿನ ಹೀಗೆ ಬದಲಾಗುತ್ತದೆ. ವರ್ಣಕ ಪದರದ ಹಿಂದೆ ಬ್ರುಕ್ ಪೊರೆ ಎಂಬ ತೆಳು ಜಾಲರಿ; ಅದರಾಚೆ ರಕ್ತನಾಳಗಳ ಹಾಸು. ರಕ್ತದಿಂದ ಆಹಾರ ಒಳಬರುವುದೂ ತ್ಯಾಜ್ಯ ಹೊರಹೋಗುವುದೂ ಈ ಜಾಲರಿಯ ಮೂಲಕವೇ. ವಯಸ್ಸಾದಂತೆ ಜಾಲರಿ ದಪ್ಪವಾಗುತ್ತದೆ, ಸಾಗಾಟ ಕುಂಠಿತವಾಗುತ್ತದೆ. ಜೀರ್ಣವಾಗದ ಮೇದಸ್ಸು ಮತ್ತು ಪ್ರೋಟೀನುಗಳು ವರ್ಣಕ ಪದರದ ಅಡಿಯಲ್ಲಿ ಹಳದಿ ಕಣಗಳಾಗಿ ಕೂಡಿಕೊಳ್ಳುತ್ತವೆ. ಈ ಕಣಗಳಿಗೆ ಡ್ರೂಸನ್ ಎಂದು ಹೆಸರು. ಕೆಲವೇ ಚಿಕ್ಕ ಡ್ರೂಸನ್‌ಗಳು ವೃದ್ಧಾಪ್ಯದಲ್ಲಿ ಸಹಜ. ದೊಡ್ಡವು ಹೆಚ್ಚುತ್ತ ಹೋದರೆ ಅದು ರೋಗದ ಆರಂಭ.

ಒಣ ಬಗೆ ಮತ್ತು ಒದ್ದೆ ಬಗೆ

ರೋಗ ಮುಂದುವರಿದಾಗ ಎರಡು ಹಾದಿ ಹಿಡಿಯುತ್ತದೆ. ಒಣ ಬಗೆಯಲ್ಲಿ ವರ್ಣಕ ಪದರ ಅಲ್ಲಲ್ಲಿ ಸತ್ತು, ಅದನ್ನು ನೆಚ್ಚಿಕೊಂಡಿದ್ದ ಗ್ರಾಹಕ ಕೋಶಗಳೂ ಸಾಯುತ್ತವೆ. ಅಕ್ಷಿಪಟಲದ ಚಿತ್ರದಲ್ಲಿ ಸತ್ತ ಪ್ರದೇಶಗಳು ಭೂಪಟದ ದ್ವೀಪಗಳಂತೆ ಕಾಣುವುದರಿಂದ ಈ ಕೊನೆಯ ಹಂತಕ್ಕೆ ಭೌಗೋಳಿಕ ಕ್ಷಯ ಎಂಬ ಹೆಸರು ಬಂದಿದೆ. ನಷ್ಟವು ವರ್ಷಗಳ ಕಾಲ ನಿಧಾನವಾಗಿ ಹಬ್ಬುತ್ತದೆ.

ಒದ್ದೆ ಬಗೆಯಲ್ಲಿ ರಕ್ತನಾಳಗಳ ಹಾಸಿನಿಂದ ಹೊಸ ನಾಳಗಳು ಹುಟ್ಟಿ, ಬ್ರುಕ್ ಪೊರೆಯನ್ನು ಸೀಳಿ ಒಳನುಗ್ಗುತ್ತವೆ. ಅವುಗಳ ಗೋಡೆ ದುರ್ಬಲವಾದ್ದರಿಂದ ದ್ರವ ಮತ್ತು ರಕ್ತ ಸೋರುತ್ತವೆ. ನೇರ ಗೆರೆಗಳು ಸೊಟ್ಟಗೆ ಕಾಣತೊಡಗುತ್ತವೆ. ವಾರಗಳಲ್ಲಿ, ಕೆಲವೊಮ್ಮೆ ದಿನಗಳಲ್ಲಿ, ನೋಟ ಕುಸಿಯುತ್ತದೆ. ರೋಗಿಗಳಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿಗೆ ಮಾತ್ರ ಒದ್ದೆ ಬಗೆ ಬರುತ್ತದೆ. ಆದರೂ ಚಿಕಿತ್ಸೆ ಇಲ್ಲದ ಕಾಲದಲ್ಲಿ ಈ ರೋಗದಿಂದಾದ ತೀವ್ರ ಅಂಧತ್ವದ ಬಹುಪಾಲಿಗೆ ಅದೇ ಕಾರಣವಾಗಿತ್ತು.

ರೋಗನಿರೋಧಕ ವ್ಯವಸ್ಥೆ ಕಣ್ಣಿನಲ್ಲಿ ಮಾಡುವುದೇನು?

ಉರಿಯೂತವು ದೇಹದ ಬೇರೆ ಭಾಗದಲ್ಲಿ ಬಂದರೆ ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ಅಕ್ಷಿಪಟಲದಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಕಣ್ಣು ತನ್ನೊಳಗಿನ ರೋಗನಿರೋಧಕ ಚಟುವಟಿಕೆಯನ್ನು ಬಹಳ ಕೆಳಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಪ್ರಾಣಿಗಳ ಕಣ್ಣಿನೊಳಗೆ ನೆಟ್ಟ ಪರಕೀಯ ಅಂಗಾಂಶವನ್ನು ದೇಹವು ಬೇರೆಡೆಯಷ್ಟು ಸುಲಭವಾಗಿ ತಿರಸ್ಕರಿಸುವುದಿಲ್ಲ ಎಂಬುದನ್ನು ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡವಾರ್ 1940ರ ದಶಕದಲ್ಲಿ ವಿವರಿಸಿದರು. ಕಣ್ಣಿಗೆ ದೊರೆತ ಈ ವಿನಾಯಿತಿ ಮುಪ್ಪಿನಲ್ಲಿ ಸಡಿಲಗೊಳ್ಳುತ್ತದೆ.

ಇಲ್ಲಿ ಮುಖ್ಯ ಪಾತ್ರಧಾರಿ ಕಾಂಪ್ಲಿಮೆಂಟ್ ವ್ಯವಸ್ಥೆ. ರಕ್ತದಲ್ಲಿ ಸದಾ ಹರಿದಾಡುವ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಬಳಗವಿದು. ಬೆಲ್ಜಿಯಮ್ಮಿನ ಜೂಲ್ಸ್ ಬೋರ್ಡೆ 1890ರ ದಶಕದಲ್ಲಿ ಇದನ್ನು ಗುರುತಿಸಿ 1919ರ ನೊಬೆಲ್ ಪ್ರಶಸ್ತಿ ಪಡೆದರು. ಪ್ರತಿಕಾಯಗಳು ಒಂದು ನಿರ್ದಿಷ್ಟ ವೈರಿಯನ್ನು ಕಲಿತು ಗುರುತಿಸುತ್ತವೆ. ಕಾಂಪ್ಲಿಮೆಂಟ್‌ಗೆ ಅಂಥ ಕಲಿಕೆ ಬೇಕಿಲ್ಲ. ಅದು ಹುಟ್ಟಿನಿಂದಲೇ ಸಿದ್ಧವಾಗಿರುವ ಪಡೆ. ಅದು ಮೂರು ಮಾರ್ಗಗಳಿಂದ ಎಚ್ಚರಗೊಳ್ಳಬಹುದಾದರೂ ಮೂರೂ ಸಿ3 ಎಂಬ ಪ್ರೋಟೀನಿನ ಬಳಿ ಕೂಡುತ್ತವೆ. ಸಿ3 ಎರಡಾಗಿ ಸೀಳುತ್ತದೆ. ದೊಡ್ಡ ತುಂಡು ಹತ್ತಿರದ ಕೋಶದ ಮೈಗೆ ಅಂಟಿ, ಇದನ್ನು ನುಂಗಬೇಕೆಂಬ ಗುರುತಾಗುತ್ತದೆ. ಚಿಕ್ಕ ತುಂಡು ಉರಿಯೂತವನ್ನು ಕರೆತರುತ್ತದೆ. ಮುಂದಿನ ಮೆಟ್ಟಿಲಲ್ಲಿ ಸಿ5 ಸೀಳುತ್ತದೆ. ಅಲ್ಲಿಂದಾಚೆ ಕೆಲವು ಪ್ರೋಟೀನುಗಳು ಉಂಗುರವಾಗಿ ಜೋಡಿಸಿಕೊಂಡು, ಕೋಶದ ಪೊರೆಯಲ್ಲಿ ರಂಧ್ರ ಕೊರೆದು ಅದನ್ನು ಕೊಲ್ಲುತ್ತವೆ. ಒಂದು ಸಿ3 ಸೀಳಿದರೆ ಇನ್ನಷ್ಟು ಸಿ3 ಸೀಳಲು ದಾರಿಯಾಗುವುದರಿಂದ ಇಡೀ ಕ್ರಿಯೆ ಕ್ಷಣಾರ್ಧದಲ್ಲಿ ಹಿಗ್ಗಬಲ್ಲದು.

ಇಷ್ಟು ಬಲವಾದ ಪಡೆ ನಮ್ಮದೇ ಕೋಶಗಳನ್ನು ಕೊಲ್ಲದಂತೆ ತಡೆಯುವ ಕಾವಲು ಪ್ರೋಟೀನುಗಳಿವೆ. ಅವುಗಳಲ್ಲಿ ಪ್ರಮುಖವಾದುದು ಫ್ಯಾಕ್ಟರ್ ಎಚ್. ಅದು ಸ್ವಂತ ಕೋಶಗಳ ಮೈಮೇಲೆ ಕುಳಿತು, ಅಲ್ಲಿಗೆ ಅಂಟಿದ ಸಿ3 ತುಂಡನ್ನು ನಿಷ್ಕ್ರಿಯಗೊಳಿಸುತ್ತದೆ.

ಶತಮಾನದ ತಿರುವಿನಲ್ಲಿ ಅಮೆರಿಕದ ಸಂಶೋಧಕರು, ದಾನವಾಗಿ ಬಂದ ಕಣ್ಣುಗಳ ಡ್ರೂಸನ್‌ಗಳಲ್ಲಿ ಕಾಂಪ್ಲಿಮೆಂಟ್ ಪ್ರೋಟೀನುಗಳು ಇರುವುದನ್ನು ಕಂಡುಹಿಡಿದರು. ಬರಿಯ ಕಸವೆಂದು ತಿಳಿದಿದ್ದ ಹಳದಿ ಕಣಗಳ ಸುತ್ತ ಉರಿಯೂತ ನಡೆಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ನಿರ್ಣಾಯಕ ಸಾಕ್ಷ್ಯ 2005ರಲ್ಲಿ ಬಂತು. ಆ ವರ್ಷ ಹಲವು ತಂಡಗಳು ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ತಲುಪಿದವು. ಅವುಗಳಲ್ಲಿ ಒಂದು ತಂಡವು ಕೇವಲ 96 ರೋಗಿಗಳ ಮತ್ತು 50 ಆರೋಗ್ಯವಂತರ ಇಡೀ ವಂಶವಾಹಿ ಸಮೂಹವನ್ನು ಹೋಲಿಸಿ ನೋಡಿತ್ತು. ಉತ್ತರವಿದು: ಫ್ಯಾಕ್ಟರ್ ಎಚ್ ಪ್ರೋಟೀನಿನ 402ನೇ ಸ್ಥಾನದಲ್ಲಿ ಟೈರೋಸಿನ್ ಬದಲಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಇದ್ದವರಲ್ಲಿ ರೋಗದ ಸಂಭವ ಹೆಚ್ಚು, ತಂದೆತಾಯಿ ಇಬ್ಬರಿಂದಲೂ ಆ ರೂಪ ಬಂದಿದ್ದರೆ ಹಲವು ಪಟ್ಟು ಹೆಚ್ಚು. ಒಂದೇ ಅಮೈನೋ ಆಮ್ಲದ ವ್ಯತ್ಯಾಸದಿಂದ ಕಾವಲುಗಾರನ ಹಿಡಿತ ಸಡಿಲವಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿ ಇದು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಸಂಶೋಧಕರು ಮರುವರ್ಷವೇ ಭಾರತೀಯ ರೋಗಿಗಳಲ್ಲಿಯೂ ಈ ಸಂಬಂಧವಿರುವುದನ್ನು ತೋರಿಸಿದರು. ಮುಪ್ಪಿನ ಸವೆತವೆಂದು ಕೈಬಿಟ್ಟಿದ್ದ ರೋಗಕ್ಕೆ ತಡೆಯಬಹುದಾದ ಒಂದು ಕಾರಣವಿದೆ ಎಂದು ಮೊದಲ ಬಾರಿಗೆ ಸ್ಪಷ್ಟವಾದುದು ಆಗ. ನೇತ್ರವಿಜ್ಞಾನದ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವುಗಳು ಕೆಲವೇ.

ವಂಶವಾಹಿ ಒಂದೇ ಕಾರಣವಲ್ಲ. ವಯಸ್ಸು ಎಲ್ಲಕ್ಕಿಂತ ದೊಡ್ಡದು. ಅದರ ನಂತರ ಧೂಮಪಾನ. ವಯಸ್ಸನ್ನು ಬದಲಿಸಲಾಗದು, ಬೀಡಿ ಸಿಗರೇಟನ್ನು ಬಿಡಬಹುದು.

ಪ್ರತಿಕಾಯವೇ ಮದ್ದಾದ ಬಗೆ

ಒದ್ದೆ ಬಗೆಯ ಚಿಕಿತ್ಸೆಯ ಮೂಲ ಕ್ಯಾನ್ಸರ್ ಸಂಶೋಧನೆಯಲ್ಲಿದೆ. ಗೆಡ್ಡೆಗಳು ಬೆಳೆಯಲು ಹೊಸ ರಕ್ತನಾಳಗಳು ಬೇಕು, ನಾಳಗಳನ್ನು ತಡೆದರೆ ಗೆಡ್ಡೆಯನ್ನು ತಡೆಯಬಹುದು ಎಂದು ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. 1989ರಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನನ್ನು ಬೇರ್ಪಡಿಸಿದರು. ಅದರ ಚಿಕ್ಕ ಹೆಸರು ವಿಇಜಿಎಫ್. ಒದ್ದೆ ಬಗೆಯ ಕಣ್ಣಿನಲ್ಲಿ ಹೊಸ ನಾಳಗಳನ್ನು ಎಬ್ಬಿಸುವುದೂ ಇದೇ.

ಇದನ್ನು ಹಿಡಿದು ಕಟ್ಟಿಹಾಕಲು ಒದಗಿದ್ದು ಪ್ರತಿಕಾಯ. ಒಂದೇ ಗುರಿಗೆ ಅಂಟುವ ಏಕರೂಪದ ಪ್ರತಿಕಾಯಗಳನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವ ವಿಧಾನವನ್ನು ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದ್ದರು. ಆ ವಿಧಾನದ ಆಧಾರದಿಂದ ಬೆವಾಸಿಜುಮ್ಯಾಬ್ ಎಂಬ ಪ್ರತಿಕಾಯ ತಯಾರಾಗಿ, 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಕಣ್ಣಿಗಾಗಿಯೇ ರೂಪಿಸಿದ ಅದರ ಚಿಕ್ಕ ಸಂಬಂಧಿ ರಾನಿಬಿಜುಮ್ಯಾಬ್ 2006ರಲ್ಲಿ ಬಂತು. ಇದು ಪೂರ್ಣ ಪ್ರತಿಕಾಯವಲ್ಲ, ಗುರಿಗೆ ಅಂಟುವ ತೋಳು ಮಾತ್ರ.

ಫಲಿತಾಂಶ ವೈದ್ಯರನ್ನೇ ಬೆರಗುಗೊಳಿಸಿತು. ಮರೀನಾ ಎಂಬ ಪರೀಕ್ಷೆಯಲ್ಲಿ ಒಂದು ವರ್ಷದ ಕೊನೆಗೆ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿ ಗಮನಾರ್ಹ ದೃಷ್ಟಿನಷ್ಟದಿಂದ ಪಾರಾದರು. ಔಷಧವಿಲ್ಲದ ಗುಂಪಿನಲ್ಲಿ ಈ ಪ್ರಮಾಣ 62. ಸುಮಾರು ಮೂರನೇ ಒಂದು ಭಾಗದ ರೋಗಿಗಳು ವೈದ್ಯರ ಅಕ್ಷರ ಫಲಕದಲ್ಲಿ ಮೂರು ಸಾಲು ಹೆಚ್ಚು ಓದಿದರು. ಆ ವರೆಗಿನ ಚಿಕಿತ್ಸೆಗಳು ನಷ್ಟದ ವೇಗವನ್ನಷ್ಟೇ ತಗ್ಗಿಸುತ್ತಿದ್ದವು. ಕಳೆದುಕೊಂಡ ನೋಟವನ್ನು ಬಹಳ ಜನರಿಗೆ ಮರಳಿಸಿದ ಮೊದಲ ಮದ್ದು ಇದು.

ನಂತರ 2011ರಲ್ಲಿ ಅಫ್ಲಿಬರ್ಸೆಪ್ಟ್ ಬಂತು. ಇದು ವಿಇಜಿಎಫ್ ಸೇರುವ ಗ್ರಾಹಕವನ್ನು ಪ್ರತಿಕಾಯದ ಬಾಲಕ್ಕೆ ಜೋಡಿಸಿದ ಕೃತಕ ಪ್ರೋಟೀನು. 2022ರಲ್ಲಿ ಅನುಮತಿ ಪಡೆದ ಫಾರಿಸಿಮ್ಯಾಬ್ ಒಂದು ತೋಳಿನಿಂದ ವಿಇಜಿಎಫ್ ಅನ್ನೂ ಇನ್ನೊಂದು ತೋಳಿನಿಂದ ಆಂಜಿಯೋಪಾಯಿಟಿನ್-2 ಎಂಬ ಪ್ರೋಟೀನನ್ನೂ ಹಿಡಿಯುತ್ತದೆ. ಹೊಸ ಔಷಧಗಳ ಮುಖ್ಯ ಲಾಭ ಚುಚ್ಚುಮದ್ದುಗಳ ನಡುವಿನ ಅಂತರ. ಮೊದಲು ತಿಂಗಳಿಗೊಮ್ಮೆ ಬೇಕಿದ್ದುದು ಈಗ ಹಲವರಿಗೆ ಎರಡು, ಮೂರು, ನಾಲ್ಕು ತಿಂಗಳಿಗೊಮ್ಮೆ ಸಾಕಾಗುತ್ತದೆ. ಆಸ್ಪತ್ರೆಗೆ ಕರೆದೊಯ್ಯಲು ಮಕ್ಕಳ ರಜೆಯನ್ನು ಕಾಯುವ ಹಿರಿಯರಿಗೆ ಇದು ಸಣ್ಣ ಅನುಕೂಲವಲ್ಲ.

ಕಾಂಪ್ಲಿಮೆಂಟ್ ತಡೆಯುವ ಔಷಧಗಳು

ಒಣ ಬಗೆಯ ಕಥೆ ಇಷ್ಟು ಸುಗಮವಲ್ಲ. 2005ರ ಶೋಧದ ನಂತರ ಕಾಂಪ್ಲಿಮೆಂಟನ್ನು ತಡೆದರೆ ರೋಗ ನಿಲ್ಲುತ್ತದೆಂಬ ನಿರೀಕ್ಷೆ ಹುಟ್ಟಿತು. ಅಪರೂಪದ ರಕ್ತರೋಗಕ್ಕೆ ಬಳಕೆಯಲ್ಲಿದ್ದ ಎಕುಲಿಜುಮ್ಯಾಬ್ ಎಂಬ ಸಿ5 ತಡೆ ಪ್ರತಿಕಾಯವನ್ನು ರಕ್ತನಾಳದ ಮೂಲಕ ಕೊಟ್ಟು ನೋಡಲಾಯಿತು. ಕ್ಷಯ ಹಬ್ಬುವುದು ನಿಧಾನವಾಗಲಿಲ್ಲ. ಫ್ಯಾಕ್ಟರ್ ಡಿ ಎಂಬ ಪ್ರೋಟೀನನ್ನು ತಡೆಯುವ ಲಾಂಪಲಿಜುಮ್ಯಾಬ್ ಆರಂಭದ ಪರೀಕ್ಷೆಯಲ್ಲಿ ಭರವಸೆ ಮೂಡಿಸಿ, 2017ರಲ್ಲಿ ಎರಡು ದೊಡ್ಡ ಪರೀಕ್ಷೆಗಳಲ್ಲಿಯೂ ವಿಫಲವಾಯಿತು.

ಯಶಸ್ಸು 2023ರಲ್ಲಿ ಬಂತು. ಫೆಬ್ರವರಿಯಲ್ಲಿ ಪೆಗ್‌ಸೆಟಕೋಪ್ಲಾನ್, ಆಗಸ್ಟ್‌ನಲ್ಲಿ ಅವಾಸಿನ್‌ಕಾಪ್ಟಾಡ್ ಪೆಗೋಲ್ ಭೌಗೋಳಿಕ ಕ್ಷಯಕ್ಕೆ ಅಮೆರಿಕದ ಅನುಮತಿ ಪಡೆದವು. ಇವೆರಡೂ ಪ್ರತಿಕಾಯಗಳಲ್ಲ. ಮೊದಲನೆಯದು ಸಿ3ಗೆ ಅಂಟುವ ಚಿಕ್ಕ ಪೆಪ್ಟೈಡ್; ಮೂರು ಮಾರ್ಗಗಳೂ ಕೂಡುವ ಜಾಗದಲ್ಲಿಯೇ ಅದು ಅಡ್ಡಗಟ್ಟುತ್ತದೆ. ಎರಡನೆಯದು ಆರ್‌ಎನ್‌ಎಯಿಂದ ನೇಯ್ದ ಅಣು. ಒಂದು ಮೆಟ್ಟಿಲು ಕೆಳಗೆ, ಸಿ5 ಸೀಳದಂತೆ ತಡೆಯುತ್ತದೆ. ಸಿ5ನಲ್ಲಿ ತಡೆದರೆ ಸಿ3 ಮಾಡುವ ಇತರ ಉಪಯುಕ್ತ ಕೆಲಸಗಳು ಉಳಿಯುತ್ತವೆ ಎಂಬುದು ಎರಡನೆಯದರ ಪರವಾದ ವಾದ. ಮೇಲೆಯೇ ತಡೆದರೆ ಹಾನಿಯ ಎಲ್ಲ ಕವಲುಗಳೂ ನಿಲ್ಲುತ್ತವೆ ಎಂಬುದು ಮೊದಲನೆಯದರ ಪರವಾದುದು.

ಲಾಭವೆಷ್ಟು ಎಂಬುದನ್ನು ಮರೆಮಾಚದೆ ಹೇಳಬೇಕು. ಎರಡು ವರ್ಷಗಳ ಚುಚ್ಚುಮದ್ದಿನ ನಂತರ ಪೆಗ್‌ಸೆಟಕೋಪ್ಲಾನ್ ಪಡೆದ ಕಣ್ಣುಗಳಲ್ಲಿ ಸತ್ತ ಪ್ರದೇಶದ ಬೆಳವಣಿಗೆ ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿತು. ಬೆಳವಣಿಗೆ ನಿಲ್ಲಲಿಲ್ಲ, ಸತ್ತ ಕೋಶ ಮರಳಲಿಲ್ಲ, ಅಕ್ಷರ ಫಲಕದ ಓದಿನಲ್ಲಿ ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದೇ ಕಾರಣದಿಂದ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ತಜ್ಞ ಸಮಿತಿಯು 2024ರಲ್ಲಿ ಈ ಔಷಧಕ್ಕೆ ಅನುಮತಿ ನೀಡಬಾರದೆಂದು ಶಿಫಾರಸು ಮಾಡಿತು. ಚಿತ್ರದಲ್ಲಿ ಕಾಣುವ ಸುಧಾರಣೆ ರೋಗಿಯ ದಿನನಿತ್ಯದ ಬದುಕಿನಲ್ಲಿ ಕಾಣಬೇಕು ಎಂಬುದು ಅದರ ನಿಲುವು. ಒಂದೇ ಪರೀಕ್ಷಾ ಫಲವನ್ನು ಎರಡು ಖಂಡಗಳು ಎರಡು ರೀತಿಯಲ್ಲಿ ತೂಗಿದವು. ಎರಡಕ್ಕೂ ಆಧಾರವಿದೆ: ಪೀತಬಿಂದುವಿನ ನಡುಕುಳಿಯನ್ನು ಕ್ಷಯ ಇನ್ನೂ ಮುಟ್ಟದ ರೋಗಿಗೆ ಕೆಲವು ತಿಂಗಳುಗಳ ಓದು ಉಳಿದರೂ ಅದಕ್ಕೆ ಬೆಲೆಯುಂಟು, ಅದಕ್ಕಾಗಿ ತಿಂಗಳು ತಿಂಗಳೂ ಕಣ್ಣಿಗೆ ಸೂಜಿ ಚುಚ್ಚಿಸಿಕೊಳ್ಳಬೇಕೆ ಎಂಬ ಪ್ರಶ್ನೆಯೂ ನ್ಯಾಯವಾದುದೇ.

ಕೊಡುವ ಕ್ರಮ ಮತ್ತು ಅಪಾಯಗಳು

ಈ ರೋಗಕ್ಕೆ ಅನುಮತಿ ಪಡೆದ ಈ ಔಷಧಗಳನ್ನು ಕಣ್ಣುಗುಡ್ಡೆಯೊಳಗೆ ತುಂಬಿರುವ ಕಾಚಕ ರಸಕ್ಕೆ ನೇರವಾಗಿ ಚುಚ್ಚಲಾಗುತ್ತದೆ. ಕೇಳಿದವರಿಗೆ ಭಯವಾಗುವುದು ಸಹಜ. ಕಣ್ಣನ್ನು ಹನಿಗಳಿಂದ ಮರಗಟ್ಟಿಸಿ, ಅಯೋಡಿನ್ ದ್ರಾವಣದಿಂದ ಶುಚಿಗೊಳಿಸಿ, ಬಿಳಿಗುಡ್ಡೆಯ ಗೊತ್ತಾದ ಜಾಗದಲ್ಲಿ ಕೂದಲಿನಷ್ಟು ತೆಳ್ಳಗಿನ ಸೂಜಿಯಿಂದ ಹನಿಯಷ್ಟು ಔಷಧವನ್ನು ಬಿಡುತ್ತಾರೆ. ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ, ರೋಗಿ ಅದೇ ದಿನ ಮನೆಗೆ ಮರಳುತ್ತಾನೆ. ನೇರವಾಗಿ ಕಣ್ಣಿಗೇ ಕೊಡುವುದರಿಂದ ಔಷಧದ ಪ್ರಮಾಣ ಬಹಳ ಕಡಿಮೆ ಸಾಕಾಗುತ್ತದೆ. ದೇಹದ ಉಳಿದ ಭಾಗದ ರೋಗನಿರೋಧಕ ಶಕ್ತಿ ಬಹುತೇಕ ಹಾಗೆಯೇ ಉಳಿಯುತ್ತದೆ.

ಅತಿ ಗಂಭೀರ ಅಪಾಯವೆಂದರೆ ಸೂಜಿಯ ಜೊತೆ ಸೋಂಕು ಒಳಹೋಗುವುದು. ಅದು ಸಾವಿರಾರು ಚುಚ್ಚುಮದ್ದಿಗೆ ಒಂದರಂತೆ ಸಂಭವಿಸಿದರೂ ಕಣ್ಣನ್ನೇ ಕಳೆಯಬಲ್ಲದು. 2019ರಲ್ಲಿ ಅನುಮತಿ ಪಡೆದ ಬ್ರೊಲುಸಿಜುಮ್ಯಾಬ್‌ನಿಂದ ಕೆಲವರಿಗೆ ಅಕ್ಷಿಪಟಲದ ರಕ್ತನಾಳಗಳ ಉರಿಯೂತ ಉಂಟಾದುದು ಮರುವರ್ಷ ವರದಿಯಾಯಿತು. ಪೆಗ್‌ಸೆಟಕೋಪ್ಲಾನ್ ಮಾರುಕಟ್ಟೆಗೆ ಬಂದ ಕೆಲವೇ ತಿಂಗಳಲ್ಲಿ ಅದರಿಂದಲೂ ಅಂಥ ಕೆಲವು ಪ್ರಕರಣಗಳು ಕಂಡವು. ಇನ್ನೊಂದು ವಿಚಿತ್ರ ಅಪಾಯವೂ ಇದೆ. ಒಣ ಬಗೆಗೆ ಪ್ರತಿ ತಿಂಗಳು ಪೆಗ್‌ಸೆಟಕೋಪ್ಲಾನ್ ಪಡೆದವರಲ್ಲಿ ಎರಡು ವರ್ಷಗಳಲ್ಲಿ ನೂರಕ್ಕೆ 12 ಮಂದಿಗೆ ಒದ್ದೆ ಬಗೆ ತಲೆದೋರಿತು. ಪಡೆಯದವರಲ್ಲಿ 3 ಮಂದಿಗೆ. ಚುಚ್ಚುಮದ್ದಿನ ನಂತರ ನೋವು, ಕೆಂಪು, ಮಬ್ಬು ಹೆಚ್ಚುತ್ತಿದ್ದರೆ ಮರುದಿನದವರೆಗೂ ಕಾಯಬಾರದು.

ವೆಚ್ಚ ಮತ್ತು ಭಾರತದ ಕೊಡುಗೆ

ಅಮೆರಿಕದಲ್ಲಿ ಒಂದು ರಾನಿಬಿಜುಮ್ಯಾಬ್ ಚುಚ್ಚುಮದ್ದಿಗೆ ಸುಮಾರು 2,000 ಡಾಲರ್ ಬೆಲೆಯಿದ್ದಾಗ, ಕ್ಯಾನ್ಸರಿನ ಬೆವಾಸಿಜುಮ್ಯಾಬನ್ನು ಸಣ್ಣ ಪ್ರಮಾಣಗಳಾಗಿ ಹಂಚಿದರೆ ಸುಮಾರು 50 ಡಾಲರಿಗೆ ಸಿಗುತ್ತಿತ್ತು. ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ 2005ರಲ್ಲಿ ಅದನ್ನು ಕಣ್ಣಿಗೆ ಬಳಸಿ ತೋರಿಸಿದರು. ಅದನ್ನು ತಯಾರಿಸುವ ಕಂಪನಿ ಕಣ್ಣಿಗೆಂದು ನೋಂದಾಯಿಸಿರಲಿಲ್ಲ. ಅಮೆರಿಕದ ಸರ್ಕಾರಿ ಹಣದಿಂದ ನಡೆದ ಹೋಲಿಕೆ ಪರೀಕ್ಷೆಯು 2011ರಲ್ಲಿ ಎರಡೂ ದೃಷ್ಟಿಯ ಮಟ್ಟಿಗೆ ಸರಿಸಮವೆಂದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಬೆವಾಸಿಜುಮ್ಯಾಬನ್ನು ಕಣ್ಣಿನ ಬಳಕೆಗಾಗಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬಡ ರೋಗಿಗಳ ಕಣ್ಣನ್ನು ಉಳಿಸಿದ ನಿರ್ಧಾರಗಳಲ್ಲಿ ಇದು ದೊಡ್ಡದು. ಆದರೆ ಒಂದು ಸೀಸೆಯನ್ನು ಹಲವರಿಗೆ ಹಂಚುವಾಗ ಶುಚಿತ್ವ ತಪ್ಪಿದರೆ ಹಲವರಿಗೆ ಒಟ್ಟಿಗೆ ಸೋಂಕು ತಗಲುತ್ತದೆ. ಆ ಎಚ್ಚರ ಎಲ್ಲೆಡೆಯೂ ಬೇಕು.

ಮೂಲ ಔಷಧದ ಪೇಟೆಂಟ್ ಮುಗಿದ ಮೇಲೆ ಅದಕ್ಕೆ ಸರಿಸಾಟಿಯಾಗಿ ತಯಾರಿಸುವ ಜೈವಿಕ ಔಷಧಗಳಿಗೆ ಬಯೋಸಿಮಿಲರ್ ಎಂದು ಹೆಸರು. ರಾನಿಬಿಜುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ 2015ರಲ್ಲಿ ಭಾರತದಲ್ಲಿಯೇ ಅನುಮತಿ ಪಡೆಯಿತು. ತಯಾರಿಸಿದ್ದು ಅಹಮದಾಬಾದಿನ ಇಂಟಾಸ್. ಬೆಂಗಳೂರಿನ ಬಯೋಕಾನ್ ಬಯಾಲಾಜಿಕ್ಸ್‌ನ ಅಫ್ಲಿಬರ್ಸೆಪ್ಟ್ ಬಯೋಸಿಮಿಲರ್‌ಗೆ 2023ರಲ್ಲಿ ಯುರೋಪು, 2024ರ ಮೇ ತಿಂಗಳಲ್ಲಿ ಅಮೆರಿಕ ಅನುಮತಿ ಕೊಟ್ಟಿತು.

ಮುಂದಿನ ದಾರಿಗಳು

ಸಿ3, ಸಿ5 ಅಲ್ಲದೆ ಕಾಂಪ್ಲಿಮೆಂಟ್‌ನ ಮೂರು ಮಾರ್ಗಗಳಲ್ಲಿ ಒಂದರ ಮೊದಲ ಮೆಟ್ಟಿಲಾದ ಸಿ1ಕ್ಯು ಅನ್ನು ತಡೆಯುವ ಔಷಧ ಪರೀಕ್ಷೆಯಲ್ಲಿದೆ. ಕಾಂಪ್ಲಿಮೆಂಟ್‌ನ ಕಾವಲು ಪ್ರೋಟೀನನ್ನು ಕಣ್ಣೇ ತಯಾರಿಸಿಕೊಳ್ಳುವಂತೆ ಮಾಡುವ ವಂಶವಾಹಿ ಚಿಕಿತ್ಸೆಯೊಂದನ್ನು ಪ್ರಯತ್ನಿಸಿ, ಫಲ ಸಾಲದೆ 2023ರಲ್ಲಿ ನಿಲ್ಲಿಸಲಾಯಿತು. ವಿಇಜಿಎಫ್ ತಡೆಯುವ ಪ್ರೋಟೀನನ್ನು ಕಣ್ಣಿನಲ್ಲಿಯೇ ಉತ್ಪಾದಿಸುವ ವಂಶವಾಹಿ ಚಿಕಿತ್ಸೆಗಳು ಹೆಚ್ಚು ಮುಂದುವರಿದಿವೆ. ಅವು ಗೆದ್ದರೆ ಪದೇ ಪದೇ ಚುಚ್ಚುವ ಅಗತ್ಯ ತಗ್ಗುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಒಂದು ಕಣ್ಣು ಸೋತರೆ ಇನ್ನೊಂದು ಅದರ ಕೆಲಸವನ್ನೂ ಮಾಡುವುದರಿಂದ ರೋಗ ಬಹುಕಾಲ ಗಮನಕ್ಕೆ ಬರುವುದಿಲ್ಲ. ಸ್ವಿಟ್ಸರ್ಲೆಂಡಿನ ನೇತ್ರವೈದ್ಯ ಮಾರ್ಕ್ ಆಮ್ಸ್‌ಲರ್ ಇದಕ್ಕೆ ಸರಳ ಉಪಾಯವೊಂದನ್ನು ಬಳಕೆಗೆ ತಂದರು. ಚೌಕಳಿ ಗೆರೆಗಳ ನಡುವೆ ಒಂದು ಚುಕ್ಕೆ ಇರುವ ಹಾಳೆಯನ್ನು, ಓದುವ ಕನ್ನಡಕ ಧರಿಸಿ, ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಿಂದ ಚುಕ್ಕೆಯನ್ನು ದಿಟ್ಟಿಸಬೇಕು. ಬಳಿಕ ಕಣ್ಣು ಬದಲಿಸಬೇಕು. ಗೆರೆಗಳು ಬಳುಕಿದಂತೆ, ಮುರಿದಂತೆ ಕಂಡರೆ, ಅಥವಾ ನಡುವೆ ಕಪ್ಪು ಮಚ್ಚೆ ಕಂಡರೆ ಅದು ಎಚ್ಚರಿಕೆ. ಹಾಳೆ ಇಲ್ಲದವರು ಬಾಗಿಲ ಚೌಕಟ್ಟು ಅಥವಾ ಕಿಟಕಿಯ ಸರಳುಗಳನ್ನು ಹೀಗೆಯೇ ನೋಡಬಹುದು.

ಐವತ್ತು ದಾಟಿದವರು, ಅದರಲ್ಲಿಯೂ ಮನೆಯಲ್ಲಿ ಈ ರೋಗ ಬಂದ ಹಿರಿಯರಿರುವವರು, ವರ್ಷಕ್ಕೊಮ್ಮೆಯಾದರೂ ಪಾಪೆ ಹಿಗ್ಗಿಸಿ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೇರ ಗೆರೆ ಸೊಟ್ಟಗೆ ಕಂಡ ದಿನ ಕನ್ನಡಕದ ಅಂಗಡಿಗೆ ಹೋಗದೆ ಅಕ್ಷಿಪಟಲ ತಜ್ಞರಿರುವ ಆಸ್ಪತ್ರೆಗೇ ಹೋಗಬೇಕು. ಒದ್ದೆ ಬಗೆಯಾಗಿದ್ದರೆ ಮೊದಲ ಚುಚ್ಚುಮದ್ದು ಎಷ್ಟು ಬೇಗ ಬಿದ್ದರೆ ಅಷ್ಟು ಹೆಚ್ಚು ನೋಟ ಉಳಿಯುತ್ತದೆ.